ಲೋಹಗಳ ವಿಕೃತಿಯೂ ಕಾಲವೂ: ಒಂದು ಐತಿಹಾಸಿಕ ಸಮೀಕ್ಷೆ

೧

ಮೆದು ಉಕ್ಕಿನ ಬಲವೆಷ್ಟೆಂದು ಕೇಳಿದರೆ ವಿದ್ಯಾರ್ಥಿಯು ಪಠ್ಯಪುಸ್ತಕದ ಕೋಷ್ಟಕವನ್ನು ತೆರೆದು ಒಂದು ಸಂಖ್ಯೆಯನ್ನು ಹೇಳುತ್ತಾನೆ. ಆ ಸಂಖ್ಯೆಯು ಲೋಹದ ಸಾಂದ್ರತೆಯಂತೆಯೋ ದ್ರವಿಸುವ ಉಷ್ಣತೆಯಂತೆಯೋ ಅದರ ಸ್ವಂತ ಗುಣವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಅದೇ ಉಕ್ಕನ್ನು ಪರೀಕ್ಷಾಯಂತ್ರದಲ್ಲಿ ಹಲವು ನಿಮಿಷಗಳ ಕಾಲ ನಿಧಾನವಾಗಿ ಎಳೆದಾಗ ದೊರೆಯುವ ಬಲವೂ, ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿ ಹೊಡೆದು ಹಿಗ್ಗಿಸಿದಾಗ ದೊರೆಯುವ ಬಲವೂ ಒಂದೇ ಆಗಿರುವುದಿಲ್ಲ. ಎರಡನೆಯದು ಮೊದಲನೆಯದರ ಎರಡರಷ್ಟಕ್ಕೂ ಮೀರಿ ಇರಬಹುದು. ಹಾಗಿದ್ದರೆ ಬಲವೆಂಬುದು ಲೋಹದ ಗುಣವೋ, ಅಥವಾ ಲೋಹಕ್ಕೆ ಒದಗಿದ ಘಟನೆಯ ಗುಣವೋ? ಈ ಪ್ರಶ್ನೆಗೆ ಉತ್ತರವನ್ನು ಹುಡುಕಿದ ಸುಮಾರು ಒಂದೂವರೆ ಶತಮಾನದ ಪ್ರಯತ್ನವನ್ನು ಸಂಕ್ಷೇಪವಾಗಿ ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಮೊದಲಿಗೆ ಪರಿಭಾಷೆಯನ್ನು ಸ್ಪಷ್ಟಪಡಿಸಿಕೊಳ್ಳುವುದು ಅಗತ್ಯ. ಏಕಮಾನ ಕ್ಷೇತ್ರದ ಮೇಲಿನ ಬಲವನ್ನು ಪ್ರತಿಬಲವೆಂದೂ, ಏಕಮಾನ ಉದ್ದದಲ್ಲಾಗುವ ಬದಲಾವಣೆಯನ್ನು ವಿಕೃತಿಯೆಂದೂ, ಒಂದು ಸೆಕೆಂಡಿನಲ್ಲಿ ಆಗುವ ವಿಕೃತಿಯನ್ನು ವಿಕೃತಿದರವೆಂದೂ ಕರೆಯೋಣ. ೧೦ ಸೆಂಟಿಮೀಟರ್ ಉದ್ದದ ಸರಳು ಒಂದು ಸೆಕೆಂಡಿನಲ್ಲಿ ೧ ಮಿಲಿಮೀಟರಿನಷ್ಟು ಹಿಗ್ಗಿದರೆ ಅದರ ವಿಕೃತಿದರ ಸೆಕೆಂಡಿಗೆ ೦.೦೧. ಕಾಲೇಜಿನ ಪ್ರಯೋಗಶಾಲೆಯಲ್ಲಿ ನಡೆಯುವ ಸಾಧಾರಣ ಪರೀಕ್ಷೆಗಳ ದರವು ಇದಕ್ಕೆ ಸಮವಾಗಿಯೋ ಇದಕ್ಕಿಂತ ಕಡಿಮೆಯಾಗಿಯೋ ಇರುತ್ತದೆ. ವಾಹನಗಳ ಡಿಕ್ಕಿಯಲ್ಲಿ ಅದು ನೂರಾರು ಆಗಬಹುದು. ಗುಂಡಿನ ಹೊಡೆತದಲ್ಲಿಯೂ ಲೋಹವನ್ನು ವೇಗವಾಗಿ ಕತ್ತರಿಸುವ ಕಾರ್ಯದಲ್ಲಿಯೂ ಸಾವಿರ, ಹತ್ತು ಸಾವಿರಗಳನ್ನು ದಾಟುತ್ತದೆ. ಹೀಗೆ ನಾವು ಪರಿಶೀಲಿಸಬೇಕಾದ ವ್ಯಾಪ್ತಿಯು ಹತ್ತರ ಹಲವಾರು ಘಾತಗಳಷ್ಟು ವಿಸ್ತಾರವಾದುದು.

೨

ಹೊಡೆತಕ್ಕೂ ಹೊರೆಗೂ ಭೇದವುಂಟೆಂಬುದು ಕಮ್ಮಾರನಿಗೆ ಎಂದಿನಿಂದಲೂ ಗೊತ್ತಿದ್ದ ಸಂಗತಿ. ಅದನ್ನು ಗಣಿತದ ಮಾತಿನಲ್ಲಿ ಮೊದಲು ಹೇಳಿದವರಲ್ಲಿ ಥಾಮಸ್ ಯಂಗ್ ಅವರು ಮುಖ್ಯರು. ೧೮೦೭ರಲ್ಲಿ ಪ್ರಕಟವಾದ ತಮ್ಮ ಉಪನ್ಯಾಸಗಳಲ್ಲಿ ಅವರು, ಹೊಡೆಯುವ ವಸ್ತುವಿನ ವೇಗವು ಒಂದು ಮಿತಿಯನ್ನು ಮೀರಿದರೆ ಆ ವಸ್ತು ಎಷ್ಟೇ ಚಿಕ್ಕದಾಗಿದ್ದರೂ ಹೊಡೆಸಿಕೊಂಡ ವಸ್ತುವು ತಡೆಯಲಾರದೆಂದು ತೋರಿಸಿದರು. ಇದರ ಕಾರಣವು ಸರಳವಾದುದು. ಹೊಡೆತದ ಸುದ್ದಿಯು ಲೋಹದಲ್ಲಿ ಶಬ್ದದ ವೇಗದಿಂದ ಮಾತ್ರ ಹರಡಬಲ್ಲದು. ಆದುದರಿಂದ ಹೊಡೆತ ಬಿದ್ದ ಕ್ಷಣದಲ್ಲಿ ಉಂಟಾಗುವ ವಿಕೃತಿಯು, ಹೊಡೆತದ ವೇಗವನ್ನು ಶಬ್ದದ ವೇಗದಿಂದ ಭಾಗಿಸಿದಾಗ ದೊರೆಯುವಷ್ಟಾಗಿರುತ್ತದೆ. ಉಕ್ಕಿನ ಸರಳಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು ೫,೦೦೦ ಮೀಟರು. ಅದರ ತುದಿಯನ್ನು ಸೆಕೆಂಡಿಗೆ ೧೦ ಮೀಟರಿನ ವೇಗದಿಂದ ಎಳೆದರೆ ಆಗುವ ವಿಕೃತಿ ೦.೦೦೨, ಇದಕ್ಕೆ ಸರಿಹೊಂದುವ ಪ್ರತಿಬಲ ಸುಮಾರು ೪೦೦ ಮೆಗಾಪಾಸ್ಕಲ್. ನಿಧಾನವಾದ ಪರೀಕ್ಷೆಯಲ್ಲಿ ಮೆದು ಉಕ್ಕು ಮಣಿಯುವ ಪ್ರತಿಬಲಕ್ಕಿಂತ ಇದು ಬಹಳ ಹೆಚ್ಚು.

೧೮೭೨ರಲ್ಲಿ ಜಾನ್ ಹಾಪ್ಕಿನ್ಸನ್ ಅವರು ಕಬ್ಬಿಣದ ತಂತಿಗಳ ಮೇಲೆ ನಡೆಸಿದ ಪ್ರಯೋಗಗಳು ಈ ವಿಷಯದ ಇತಿಹಾಸದಲ್ಲಿ ಒಂದು ಮೈಲಿಗಲ್ಲು. ಮೇಲ್ತುದಿಯನ್ನು ಭದ್ರಪಡಿಸಿದ ಉದ್ದವಾದ ತಂತಿಯ ಕೆಳತುದಿಗೆ ಒಂದು ಹಿಡಿಕೆಯನ್ನು ಜೋಡಿಸಿ, ತಂತಿಯ ಮೇಲೆ ಜಾರಿಬರುವ ತೂಕವೊಂದು ಆ ಹಿಡಿಕೆಗೆ ಬಡಿಯುವಂತೆ ಅವರು ಏರ್ಪಡಿಸಿದರು. ತಂತಿಯನ್ನು ಹರಿಯಲು ಬೇಕಾದ ಕನಿಷ್ಠ ಎತ್ತರವು ತೂಕದ ಪ್ರಮಾಣವನ್ನು ಬಹುಮಟ್ಟಿಗೆ ಅವಲಂಬಿಸಿರಲಿಲ್ಲ. ಎತ್ತರವೆಂದರೆ ವೇಗ, ವೇಗವೇ ನಿರ್ಣಾಯಕವಾಗಿತ್ತು. ಇನ್ನೂ ವಿಚಿತ್ರವೆಂದರೆ ತಂತಿಯು ಹಲವು ಸಲ ಹೊಡೆತ ಬಿದ್ದ ಕೆಳತುದಿಯಲ್ಲಿ ಹರಿಯದೆ, ದೂರದ ಮೇಲ್ತುದಿಯಲ್ಲಿ ಹರಿಯುತ್ತಿತ್ತು. ಮೇಲಕ್ಕೆ ಸಾಗಿದ ಅಲೆಯು ಭದ್ರವಾದ ತುದಿಯಲ್ಲಿ ಪ್ರತಿಫಲನಗೊಂಡು ಅಲ್ಲಿನ ಪ್ರತಿಬಲವನ್ನು ಇಮ್ಮಡಿಗೊಳಿಸುತ್ತದೆಂಬ ವಿವರಣೆಯಿಂದ ಈ ವೈಚಿತ್ರ್ಯವು ಬಗೆಹರಿಯಿತು.

ಅವರ ಮಗ, ಕೇಂಬ್ರಿಡ್ಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಬರ್ಟ್ರಂ ಹಾಪ್ಕಿನ್ಸನ್ ಅವರು ೧೯೦೫ರಲ್ಲಿ ತಂದೆಯ ಪ್ರಯೋಗವನ್ನು ಮತ್ತೆ ಕೈಗೆತ್ತಿಕೊಂಡರು. ಕಬ್ಬಿಣ ಮತ್ತು ತಾಮ್ರದ ತಂತಿಗಳು ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು ಅಲ್ಪಕಾಲ ಮಾತ್ರ, ತಮ್ಮ ಸಾಮಾನ್ಯ ಸ್ಥಿತಿಸ್ಥಾಪಕ ಮಿತಿಯನ್ನು ಮಾತ್ರವಲ್ಲದೆ ಹರಿಯುವ ಹೊರೆಯನ್ನೂ ಮೀರಿದ ಪ್ರತಿಬಲವನ್ನು ಹೊರಬಲ್ಲವೆಂಬುದು ಅವರ ನಿರ್ಣಯ. ಇಲ್ಲಿ ಎರಡು ಬೇರೆಬೇರೆ ಸಂಗತಿಗಳು ಒಂದರೊಡನೊಂದು ಹೆಣೆದುಕೊಂಡಿದ್ದುದನ್ನು ಓದುಗರು ಗಮನಿಸಬೇಕು. ತಂದೆಯ ಪ್ರಯೋಗ ತೋರಿಸಿದ್ದು ಅಲೆಯ ಆಟವನ್ನು. ಅದಕ್ಕೆ ಕಾರಣ ಲೋಹದ ಜಡತ್ವ. ಮಗನ ಪ್ರಯೋಗ ತೋರಿಸಿದ್ದು ಲೋಹವೇ ಕಾಲವನ್ನು ಗಣನೆಗೆ ತೆಗೆದುಕೊಳ್ಳುತ್ತದೆಂಬುದನ್ನು. ಅಲೆಯ ಪಾಲೆಷ್ಟು, ಲೋಹದ ಪಾಲೆಷ್ಟು ಎಂಬುದನ್ನು ವಿಂಗಡಿಸುವ ಉಪಾಯ ದೊರೆಯುವವರೆಗೆ ಯಾವ ಸೂತ್ರವನ್ನು ರಚಿಸಿದರೂ ಅದು ಮರಳಿನ ಮೇಲಿನ ಕಟ್ಟಡವಾಗುತ್ತಿತ್ತು.

೩

ಆ ಉಪಾಯದ ಬೀಜವನ್ನು ಬಿತ್ತಿದವರೂ ಬರ್ಟ್ರಂ ಹಾಪ್ಕಿನ್ಸನ್ ಅವರೇ. ೧೯೧೪ರಲ್ಲಿ ಅವರು ಸ್ಫೋಟಕಗಳ ಒತ್ತಡವನ್ನೂ ಗುಂಡಿನ ಹೊಡೆತವನ್ನೂ ಅಳೆಯುವ ಒಂದು ವಿಧಾನವನ್ನು ಪ್ರಕಟಿಸಿದರು. ತೂಗುಬಿಟ್ಟ ಉದ್ದನೆಯ ಉಕ್ಕಿನ ಸರಳಿನ ಒಂದು ತುದಿಗೆ ಹೊಡೆತ. ಇನ್ನೊಂದು ತುದಿಗೆ ಅಯಸ್ಕಾಂತದ ಆಕರ್ಷಣೆಯಿಂದ ಅಂಟಿಕೊಂಡ ಒಂದು ಸಣ್ಣ ತುಂಡು. ಸರಳಿನ ಉದ್ದಕ್ಕೂ ಸಾಗಿಬಂದ ಒತ್ತಡದ ಅಲೆಯು ಆ ತುಂಡಿನೊಳಗೆ ಹೊಕ್ಕು, ತುದಿಯಿಂದ ಎಳೆತದ ಅಲೆಯಾಗಿ ಹಿಂದಿರುಗಿದಾಗ ತುಂಡು ಕಳಚಿ ಹಾರುತ್ತದೆ. ಹಾರಿದ ತುಂಡಿನಲ್ಲಿ ಎಷ್ಟು ಸಂವೇಗ ಸೆರೆಯಾಗಿದೆಯೆಂಬುದನ್ನು ಲೋಲಕದಿಂದ ಅಳೆದು, ತುಂಡಿನ ಉದ್ದವನ್ನು ಬದಲಿಸುತ್ತ ಹೋದರೆ ಹೊಡೆತದ ಗರಿಷ್ಠ ಒತ್ತಡವೂ ಅದರ ಅವಧಿಯೂ ತಿಳಿದುಬರುತ್ತವೆ. ಅಲೆಯು ಇಲ್ಲಿ ಅಡ್ಡಿಯಾಗಿ ಉಳಿಯಲಿಲ್ಲ, ಅಳತೆಗೋಲಾಯಿತು. ೧೯೧೮ರಲ್ಲಿ ವಿಮಾನ ಅಪಘಾತದಲ್ಲಿ ಅವರು ತೀರಿಕೊಂಡುದರಿಂದ ಈ ಕೆಲಸವನ್ನು ಮುಂದುವರಿಸುವ ಭಾಗ್ಯ ಅವರಿಗೆ ದೊರೆಯಲಿಲ್ಲ.

ಹಾಪ್ಕಿನ್ಸನ್ ಅವರ ಸರಳಿನಿಂದ ಹೊಡೆತದ ಕಾಲಕ್ರಮವು ಪೂರ್ಣವಾಗಿ ತಿಳಿಯುತ್ತಿರಲಿಲ್ಲ. ೧೯೪೮ರಲ್ಲಿ ಆರ್. ಎಂ. ಡೇವಿಸ್ ಅವರು ವಿದ್ಯುತ್ ಧಾರಕಗಳನ್ನೂ ಕ್ಯಾಥೋಡ್ ಕಿರಣದ ಆಸಿಲೋಗ್ರಾಫನ್ನೂ ಬಳಸಿ ಸರಳಿನ ಚಲನೆಯನ್ನು ಕ್ಷಣಕ್ಷಣವೂ ದಾಖಲಿಸಿದರಲ್ಲದೆ, ಈ ವಿಧಾನದ ಮಿತಿಗಳನ್ನೂ ವಿಮರ್ಶಿಸಿದರು. ಮರುವರ್ಷವೇ, ಎಂದರೆ ೧೯೪೯ರಲ್ಲಿ, ಹರ್ಬರ್ಟ್ ಕೋಲ್ಸ್ಕಿ ಅವರು ಸರಳನ್ನು ಎರಡಾಗಿ ಮಾಡಿ ನಡುವೆ ಪರೀಕ್ಷಿಸಬೇಕಾದ ವಸ್ತುವಿನ ತೆಳುವಾದ ಬಿಲ್ಲೆಯನ್ನು ಇರಿಸಿದರು. ಮೊದಲ ಸರಳಿನಿಂದ ಬಂದ ಅಲೆಯಲ್ಲಿ ಒಂದು ಭಾಗ ಬಿಲ್ಲೆಯಿಂದ ಹಿಂದಿರುಗುತ್ತದೆ, ಇನ್ನೊಂದು ಭಾಗ ಬಿಲ್ಲೆಯನ್ನು ದಾಟಿ ಎರಡನೆಯ ಸರಳನ್ನು ಸೇರುತ್ತದೆ. ಹಿಂದಿರುಗಿದ ಅಲೆಯಿಂದ ಬಿಲ್ಲೆಯ ವಿಕೃತಿದರವೂ, ದಾಟಿದ ಅಲೆಯಿಂದ ಅದರ ಪ್ರತಿಬಲವೂ ದೊರೆಯುತ್ತವೆ. ಬಿಲ್ಲೆಯು ತೆಳುವಾಗಿರುವುದರಿಂದ ಅಲೆಯು ಅದರೊಳಗೆ ಹಲವು ಬಾರಿ ಹೋಗಿಬಂದು, ಪ್ರತಿಬಲವು ಎಲ್ಲೆಡೆಯೂ ಬೇಗ ಸಮವಾಗುತ್ತದೆ. ೫ ಮಿಲಿಮೀಟರ್ ದಪ್ಪದ ಬಿಲ್ಲೆಯ ಎರಡು ಮುಖಗಳ ವೇಗದಲ್ಲಿ ಸೆಕೆಂಡಿಗೆ ೧೦ ಮೀಟರಿನ ಅಂತರವಿದ್ದರೆ ವಿಕೃತಿದರ ಸೆಕೆಂಡಿಗೆ ೨,೦೦೦ ಆಗುತ್ತದೆ. ಕೋಲ್ಸ್ಕಿ ಅವರು ಪಾಲಿಥೀನ್, ರಬ್ಬರುಗಳ ಜೊತೆಗೆ ತಾಮ್ರವನ್ನೂ ಸೀಸವನ್ನೂ ಈ ರೀತಿ ಪರೀಕ್ಷಿಸಿದರು. ಅಲೆಯನ್ನು ಸರಳುಗಳಿಗೆ ಒಪ್ಪಿಸಿ, ಲೋಹದ ಸ್ವಭಾವವನ್ನು ಬಿಲ್ಲೆಯಲ್ಲಿ ಉಳಿಸಿಕೊಂಡುದೇ ಈ ವಿಧಾನದ ಹಿರಿಮೆ. ಇಂದಿಗೂ ಈ ದರಗಳ ಪರೀಕ್ಷೆಗೆ ಇದೇ ಮುಖ್ಯ ಸಾಧನ.

ಇದೇ ಕಾಲದಲ್ಲಿ ಜಿ. ಐ. ಟೇಲರ್ ಅವರು ಬೇರೊಂದು ಮಾರ್ಗವನ್ನು ಹಿಡಿದಿದ್ದರು. ಯುದ್ಧಕಾಲದಲ್ಲಿ ನಡೆದು ೧೯೪೮ರಲ್ಲಿ ಪ್ರಕಟವಾದ ಅವರ ಕೆಲಸದಲ್ಲಿ, ಚಪ್ಪಟೆ ಮುಖದ ಲೋಹದ ಉರುಳೆಯನ್ನು ಗಟ್ಟಿಯಾದ ಫಲಕಕ್ಕೆ ಹಾರಿಸಿ, ಅದರ ಉದ್ದ ಎಷ್ಟು ಕುಗ್ಗಿತೆಂಬುದನ್ನು ಅಳೆದು, ಆ ಅಳತೆಯಿಂದಲೇ ಮಣಿಯುವ ಪ್ರತಿಬಲವನ್ನು ಲೆಕ್ಕಹಾಕಲಾಯಿತು. ಇದರಿಂದ ದೊರೆಯುವುದು ಒಂದೇ ಒಂದು ಸರಾಸರಿ ಸಂಖ್ಯೆ. ಆದರೂ ಮುಂದೆ ಬಂದ ಸೂತ್ರಗಳೆಲ್ಲವೂ ಈ ಕುಗ್ಗಿದ ಉರುಳೆಯ ಆಕಾರವನ್ನು ಸರಿಯಾಗಿ ಹೇಳಬಲ್ಲವೇ ಎಂಬ ಪರೀಕ್ಷೆಗೆ ಒಳಗಾದವು.

೪

ಅಲೆಯನ್ನು ಬೇರ್ಪಡಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಎರಡನೆಯ ತೊಡಕು ಶಾಖದ್ದು. ೧೮೭೮ರಲ್ಲಿ ಫ್ರಾನ್ಸಿನ ಆನ್ರಿ ಟ್ರೆಸ್ಕಾ ಅವರು ಒಂದು ಸೊಗಸಾದ ವೀಕ್ಷಣೆಯನ್ನು ವರದಿಮಾಡಿದರು. ಕೆಂಪು ಕಾವು ಆಗತಾನೆ ಆರಿದ್ದ ಪ್ಲಾಟಿನಂ ಸರಳನ್ನು ಉಗಿಸುತ್ತಿಗೆಯಿಂದ ಬಡಿದಾಗ, ಅದರ ಪಕ್ಕದ ಮೇಲೆ ಪರಸ್ಪರ ಹಾಯುವ ಎರಡು ಓರೆಗೆರೆಗಳು ಮತ್ತೆ ಕೆಂಪಗೆ ಬೆಳಗಿದವು. ಬಡಿತದ ಶ್ರಮವು ಆ ಗೆರೆಗಳ ಉದ್ದಕ್ಕೂ ಶಾಖವಾಗಿ ಪರಿಣಮಿಸಿತ್ತು. ಮುಂದೆ ೧೯೨೫ರಲ್ಲಿ ಫ್ಯಾರನ್ ಮತ್ತು ಟೇಲರ್ ಅವರೂ, ೧೯೩೪ರಲ್ಲಿ ಟೇಲರ್ ಮತ್ತು ಕ್ವಿನ್ನಿ ಅವರೂ ನಡೆಸಿದ ಅಳತೆಗಳಿಂದ, ಲೋಹವನ್ನು ಶಾಶ್ವತವಾಗಿ ರೂಪಗೆಡಿಸಲು ವ್ಯಯವಾಗುವ ಶ್ರಮದಲ್ಲಿ ಬಹುಪಾಲು, ಸುಮಾರು ಹತ್ತರಲ್ಲಿ ಒಂಬತ್ತು ಪಾಲು, ಶಾಖವಾಗುತ್ತದೆಂದೂ, ಉಳಿದುದು ಲೋಹದ ಒಳರಚನೆಯಲ್ಲಿ ಅಡಗಿರುತ್ತದೆಂದೂ ತಿಳಿಯಿತು.

ನಿಧಾನವಾದ ಪರೀಕ್ಷೆಯಲ್ಲಿ ಈ ಶಾಖವು ಹೊರಗೆ ಹರಿದುಹೋಗುತ್ತದೆ; ವೇಗದ ಪರೀಕ್ಷೆಯಲ್ಲಿ ಅದಕ್ಕೆ ಅವಕಾಶವಿಲ್ಲ. ೧,೦೦೦ ಮೆಗಾಪಾಸ್ಕಲ್ ಪ್ರತಿಬಲದಲ್ಲಿ ಉಕ್ಕು ೦.೫ರಷ್ಟು ವಿಕೃತಿಯನ್ನು ಹೊಂದಿದರೆ ಅದರ ಉಷ್ಣತೆಯು ಸುಮಾರು ೧೨೫ ಡಿಗ್ರಿಗಳಷ್ಟು ಏರುತ್ತದೆಂದು ಲೆಕ್ಕಹಾಕಬಹುದು. ಬಿಸಿಯಾದ ಲೋಹ ಮೆದುವಾಗುತ್ತದೆ. ಹೀಗೆ ವೇಗವು ಒಂದು ಕೈಯಿಂದ ಲೋಹವನ್ನು ಗಟ್ಟಿಗೊಳಿಸುತ್ತ, ಇನ್ನೊಂದು ಕೈಯಿಂದ ಮೆದುಗೊಳಿಸುತ್ತದೆ. ೧೯೪೪ರಲ್ಲಿ ಕ್ಲಾರೆನ್ಸ್ ಝೀನರ್ ಮತ್ತು ಜಾನ್ ಹಾಲೊಮನ್ ಅವರು ಈ ಎರಡು ಪರಿಣಾಮಗಳನ್ನು ಒಟ್ಟಿಗೆ ವಿವೇಚಿಸಿದರು. ಒಂದೆಡೆ, ದರವನ್ನು ಹೆಚ್ಚಿಸುವುದೂ ಉಷ್ಣತೆಯನ್ನು ತಗ್ಗಿಸುವುದೂ ಲೋಹದ ದೃಷ್ಟಿಯಿಂದ ಸಮಾನವೆಂದು ಅವರು ಪ್ರತಿಪಾದಿಸಿ, ದರ ಉಷ್ಣತೆಗಳೆರಡನ್ನೂ ಒಂದೇ ರಾಶಿಯಲ್ಲಿ ಅಡಕಗೊಳಿಸಿದರು. ಆ ರಾಶಿಗೆ ಇಂದು ಅವರ ಹೆಸರೇ ಇದೆ. ಇನ್ನೊಂದೆಡೆ, ಮೆದುವಾಗುವಿಕೆಯು ಗಟ್ಟಿಯಾಗುವಿಕೆಯನ್ನು ಮೀರಿದೊಡನೆ ವಿಕೃತಿಯೆಲ್ಲವೂ ಒಂದು ಕಿರಿದಾದ ಪಟ್ಟಿಯಲ್ಲಿ ಸೇರಿಕೊಳ್ಳುವುದೆಂದು ವಿವರಿಸಿದರು. ಟ್ರೆಸ್ಕಾ ಅವರು ಕಂಡ ಬೆಳಗುವ ಗೆರೆಗಳ ಅರ್ಥವು ಈ ವಿವರಣೆಯಿಂದ ಸ್ಪಷ್ಟವಾಯಿತು.

೫

ಇನ್ನು ಮೂಲಪ್ರಶ್ನೆ: ಲೋಹವು ಕಾಲವನ್ನು ಗಣಿಸುವುದು ಏಕೆ? ೧೯೦೯ರಲ್ಲಿಯೇ ಪಾಲ್ ಲುಡ್ವಿಕ್ ಅವರು ತವರದ ತಂತಿಗಳನ್ನು ಬೇರೆಬೇರೆ ವೇಗಗಳಲ್ಲಿ ಎಳೆದು, ಪ್ರತಿಬಲವು ವಿಕೃತಿದರದ ಲಾಗರಿತಮಿಗೆ ಅನುಗುಣವಾಗಿ ಏರುತ್ತದೆಂದು ಕಂಡಿದ್ದರು. ದರವನ್ನು ಹತ್ತುಪಟ್ಟು ಮಾಡಿದರೆ ಪ್ರತಿಬಲಕ್ಕೆ ಒಂದು ನಿಶ್ಚಿತ ಮೊತ್ತ ಕೂಡುತ್ತದೆ. ಮತ್ತೆ ಹತ್ತುಪಟ್ಟು ಮಾಡಿದರೆ ಮತ್ತೆ ಅಷ್ಟೇ ಕೂಡುತ್ತದೆ. ಈ ನಿಯಮವು ಪ್ರಯೋಗದಿಂದ ದೊರೆಯಿತೇ ಹೊರತು ಅದರ ಕಾರಣ ಆಗ ತಿಳಿದಿರಲಿಲ್ಲ.

ಕಾರಣದ ಕಡೆಗೆ ದಾರಿ ತೆರೆದದ್ದು ೧೯೩೪ರಲ್ಲಿ. ಆ ವರ್ಷ ಟೇಲರ್, ಒರೋವನ್, ಪೊಲಾನಿ ಎಂಬ ಮೂವರು ಪ್ರತ್ಯೇಕವಾಗಿ ಸ್ಫಟಿಕಗಳಲ್ಲಿನ ಸ್ಥಾನಭ್ರಂಶಗಳ ಕಲ್ಪನೆಯನ್ನು ಮಂಡಿಸಿದರು. ಹಾಸಿದ ದೊಡ್ಡ ಜಮಖಾನೆಯನ್ನು ಒಂದೇ ಸಲ ಎಳೆಯುವುದು ಕಷ್ಟ. ಅದರಲ್ಲಿ ಒಂದು ಮಡಿಕೆಯನ್ನು ಎಬ್ಬಿಸಿ ಆ ಮಡಿಕೆಯನ್ನು ತಳ್ಳಿಕೊಂಡು ಹೋಗುವುದು ಸುಲಭ. ಪರಮಾಣುಗಳ ಪದರಗಳೂ ಹೀಗೆಯೇ ಜರುಗುತ್ತವೆ. ಮಡಿಕೆಯ ಸ್ಥಾನದಲ್ಲಿರುವುದೇ ಸ್ಥಾನಭ್ರಂಶ. ವಿಕೃತಿದರವು ಚಲಿಸುವ ಸ್ಥಾನಭ್ರಂಶಗಳ ಸಾಂದ್ರತೆಯನ್ನೂ, ಅವುಗಳ ವೇಗವನ್ನೂ, ಒಂದೊಂದರಿಂದಾಗುವ ಜರುಗನ್ನೂ ಗುಣಿಸಿದಷ್ಟಿರುತ್ತದೆಂದು ೧೯೪೦ರಲ್ಲಿ ಒರೋವನ್ ಅವರು ಸೂತ್ರೀಕರಿಸಿದರು.

ಚಲಿಸುವ ಸ್ಥಾನಭ್ರಂಶಕ್ಕೆ ದಾರಿಯಲ್ಲಿ ಅಡೆತಡೆಗಳುಂಟು. ಪ್ರತಿಬಲವೊಂದರಿಂದಲೇ ಅದು ತಡೆಯನ್ನು ದಾಟಬೇಕಾಗಿಲ್ಲ. ಪರಮಾಣುಗಳ ಉಷ್ಣಕಂಪನವೂ ಅದಕ್ಕೆ ಸಹಾಯಮಾಡುತ್ತದೆ. ನಿಧಾನವಾಗಿ ಎಳೆದರೆ ಸ್ಥಾನಭ್ರಂಶವು ತಡೆಯ ಮುಂದೆ ಕಾದು, ಅನುಕೂಲವಾದ ಕಂಪನವೊಂದು ಬಂದಾಗ ಅಲ್ಪ ಪ್ರತಿಬಲದಿಂದಲೇ ದಾಟುತ್ತದೆ. ಅವಸರಪಡಿಸಿದರೆ ಕಾಯಲು ಸಮಯವಿಲ್ಲ. ಕೊರತೆಯನ್ನು ಹೆಚ್ಚಿನ ಪ್ರತಿಬಲದಿಂದ ತುಂಬಬೇಕಾಗುತ್ತದೆ. ಇಂಥ ಕಂಪನಗಳ ಸಂಭವನೀಯತೆಯು ಘಾತೀಯ ನಿಯಮವನ್ನು ಅನುಸರಿಸುವುದರಿಂದ, ಅದನ್ನು ತಿರುಗಿಸಿ ಬರೆದಾಗ ಲುಡ್ವಿಕ್ ಅವರ ಲಾಗರಿತಮ್ ತಾನಾಗಿಯೇ ಒದಗುತ್ತದೆ. ದರದ ಏರಿಕೆಯು ಉಷ್ಣತೆಯ ಇಳಿಕೆಗೆ ಸಮಾನವೆಂಬ ಝೀನರ್–ಹಾಲೊಮನ್ ಅವರ ಮಾತಿಗೂ ಇದೇ ಆಧಾರ.

೬

ಎಂಜಿನಿಯರನಿಗೆ ಬೇಕಾದುದು ಲೆಕ್ಕಕ್ಕೆ ಒಗ್ಗುವ ಸೂತ್ರ. ೧೯೪೪ರಲ್ಲಿ ಮಂಜಾಯಿನ್ ಅವರು ಮೆದು ಉಕ್ಕಿನ ಮೇಲೆ ಬಹು ವಿಸ್ತಾರವಾದ ದರಗಳಲ್ಲಿ ನಡೆಸಿದ ಪರೀಕ್ಷೆಗಳ ಫಲಿತಾಂಶಗಳು ಆಗಲೇ ಲಭ್ಯವಿದ್ದವು. ೧೯೫೭ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾನಿಲಯದಲ್ಲಿ ಕೌಪರ್ ಮತ್ತು ಸೈಮಂಡ್ಸ್ ಅವರು ಎರಡೇ ಸ್ಥಿರಾಂಕಗಳ ಒಂದು ಘಾತನಿಯಮವನ್ನು ಮುಂದಿಟ್ಟರು. ಮೆದು ಉಕ್ಕಿಗೆ ರೂಢಿಯಲ್ಲಿರುವ ಸ್ಥಿರಾಂಕಗಳ ಪ್ರಕಾರ ಸೆಕೆಂಡಿಗೆ ಸುಮಾರು ೪೦ರ ದರದಲ್ಲಿ ಮಣಿಯುವ ಪ್ರತಿಬಲವು ಎರಡರಷ್ಟಾಗುತ್ತದೆ. ೧,೦೦೦ದ ದರದಲ್ಲಿ ಮೂರರಷ್ಟಕ್ಕೆ ಹತ್ತಿರವಾಗುತ್ತದೆ.

ಗಣಕಯಂತ್ರಗಳು ಬಳಕೆಗೆ ಬಂದ ಮೇಲೆ ೧೯೮೩ರಲ್ಲಿ ಗಾರ್ಡನ್ ಜಾನ್ಸನ್ ಮತ್ತು ವಿಲಿಯಂ ಕುಕ್ ಅವರು ಹೇಗ್ ನಗರದ ಕ್ಷಿಪಣಿಶಾಸ್ತ್ರ ಸಮ್ಮೇಳನದಲ್ಲಿ ಮಂಡಿಸಿದ ಸೂತ್ರವು ಎಲ್ಲಕ್ಕಿಂತ ಹೆಚ್ಚು ಪ್ರಚಾರ ಪಡೆಯಿತು. ಅದರಲ್ಲಿ ಮೂರು ಗುಣಕಗಳಿವೆ: ವಿಕೃತಿಯಿಂದಾಗುವ ಗಟ್ಟಿತನಕ್ಕೆ ಒಂದು, ದರದ ಲಾಗರಿತಮಿಗೆ ಒಂದು, ಉಷ್ಣತೆಯಿಂದಾಗುವ ಮೆದುತನಕ್ಕೆ ಒಂದು. ಮೂರನ್ನೂ ಗುಣಿಸಿದರೆ ಪ್ರತಿಬಲ ದೊರೆಯುತ್ತದೆ. ಐದು ಸ್ಥಿರಾಂಕಗಳನ್ನು ಪರೀಕ್ಷೆಗಳಿಂದ ನಿರ್ಧರಿಸಬೇಕು. ಹನ್ನೆರಡು ಲೋಹಗಳಿಗೆ ಅವರೇ ನಿರ್ಧರಿಸಿಕೊಟ್ಟರು. ಅವರ ಸ್ಥಿರಾಂಕಗಳಂತೆ ದರವು ೧ರಿಂದ ೧,೦೦೦ಕ್ಕೆ ಏರಿದಾಗ ಶುದ್ಧ ತಾಮ್ರದ ಪ್ರತಿಬಲ ಶೇಕಡಾ ೧೭ರಷ್ಟೂ, ೪೩೪೦ ಎಂಬ ಗಟ್ಟಿಯುಕ್ಕಿನದು ಶೇಕಡಾ ೧೦ಕ್ಕೆ ತುಸು ಕಡಿಮೆಯಷ್ಟೂ ಹೆಚ್ಚುತ್ತವೆ. ಮೆದು ಉಕ್ಕಿನ ಏರಿಕೆಯೊಡನೆ ಇದನ್ನು ಹೋಲಿಸಿದರೆ, ಉಕ್ಕು ಉಕ್ಕಿಗೂ ಎಷ್ಟು ಅಂತರವಿದೆಯೆಂಬುದೂ, ಒಂದರ ಸ್ಥಿರಾಂಕವನ್ನು ಇನ್ನೊಂದಕ್ಕೆ ಬಳಸುವುದು ಎಷ್ಟು ಅಪಾಯಕರವೆಂಬುದೂ ಮನದಟ್ಟಾಗುತ್ತದೆ.

ಈ ಸೂತ್ರದ ಸರಳತೆಯೇ ಅದರ ದೌರ್ಬಲ್ಯವೂ ಹೌದು. ವಿಕೃತಿ, ದರ, ಉಷ್ಣತೆ ಮೂರೂ ಒಂದನ್ನೊಂದು ತಾಕದೆ ತಮ್ಮಷ್ಟಕ್ಕೆ ಕೆಲಸಮಾಡುತ್ತವೆಂದು ಅದು ಭಾವಿಸುತ್ತದೆ. ೧೯೮೭ರಲ್ಲಿ ಝೆರಿಲ್ಲಿ ಮತ್ತು ಆರ್ಮ್‌ಸ್ಟ್ರಾಂಗ್ ಅವರು ಸ್ಥಾನಭ್ರಂಶಗಳ ಸಿದ್ಧಾಂತದಿಂದ ಹೊರಟು, ಕಬ್ಬಿಣದ ಸ್ಫಟಿಕಜಾತಿಗೆ ಒಂದು ಸೂತ್ರ, ತಾಮ್ರದ ಸ್ಫಟಿಕಜಾತಿಗೆ ಇನ್ನೊಂದು ಸೂತ್ರವೆಂದು ಎರಡನ್ನು ಕೊಟ್ಟರು. ಕಬ್ಬಿಣದಲ್ಲಿ ಸ್ಫಟಿಕದ ಜಾಲವೇ ಮುಖ್ಯ ತಡೆ. ಅದು ವಿಕೃತಿಯಿಂದ ಬದಲಾಗದು. ತಾಮ್ರದಲ್ಲಿ ಸ್ಥಾನಭ್ರಂಶಗಳೇ ಒಂದಕ್ಕೊಂದು ತಡೆ. ವಿಕೃತಿ ಹೆಚ್ಚಿದಂತೆ ಅವೂ ಹೆಚ್ಚುತ್ತವೆ. ಆದುದರಿಂದ ತಾಮ್ರದಲ್ಲಿ ವಿಕೃತಿಯನ್ನು ದರ ಉಷ್ಣತೆಗಳಿಂದ ಬೇರ್ಪಡಿಸಿ ಬರೆಯುವಂತಿಲ್ಲ.

೭

ತಾಮ್ರವು ಇನ್ನೊಂದು ವಿವಾದಕ್ಕೂ ಕಾರಣವಾಯಿತು. ದರವು ಸೆಕೆಂಡಿಗೆ ೧,೦೦೦ವನ್ನು ದಾಟಿದ ಮೇಲೆ ಅದರ ಪ್ರತಿಬಲವು ಲಾಗರಿತಮ್ ನಿಯಮವನ್ನು ಮೀರಿ ಕಡಿದಾಗಿ ಏರುವಂತೆ ಕಂಡುಬಂದಿತು. ಆ ವೇಗದಲ್ಲಿ ಸ್ಥಾನಭ್ರಂಶಗಳು ತಡೆಗಳ ಮುಂದೆ ಕಾಯುವುದೇ ಇಲ್ಲ, ಸ್ನಿಗ್ಧದ್ರವದಲ್ಲಿ ಸಾಗುವಂತೆ ಎಳೆತಕ್ಕೆ ಸಿಕ್ಕುತ್ತವೆ, ಆದುದರಿಂದ ನಿಯಮವೇ ಬದಲಾಗುತ್ತದೆ ಎಂದು ಹಲವರು ವಾದಿಸಿದರು. ೧೯೮೮ರಲ್ಲಿ ಫಾಲನ್ಸ್‌ಬೀ ಮತ್ತು ಕಾಕ್ಸ್ ಅವರು ಈ ವಾದವನ್ನು ಪರೀಕ್ಷಿಸಿದ ಬಗೆ ಬೋಧಪ್ರದವಾದುದು. ತಾಮ್ರದ ತುಂಡುಗಳನ್ನು ಬೇರೆಬೇರೆ ದರಗಳಲ್ಲಿ ಒಂದೇ ವಿಕೃತಿಯವರೆಗೆ ಒತ್ತಿ, ಅನಂತರ ಅವುಗಳೆಲ್ಲವನ್ನೂ ನಿಧಾನವಾದ ದರದಲ್ಲಿ, ತಗ್ಗಿದ ಉಷ್ಣತೆಗಳಲ್ಲಿ ಮತ್ತೆ ಒತ್ತಿ ಒಳರಚನೆಯ ಗಟ್ಟಿತನವನ್ನು ಅಳೆದರು. ವೇಗವಾಗಿ ಒತ್ತಿದ ತುಂಡುಗಳು ನಿಧಾನದ ಮರುಪರೀಕ್ಷೆಯಲ್ಲಿಯೂ ಹೆಚ್ಚು ಗಟ್ಟಿಯಾಗಿದ್ದವು. ಎಂದರೆ, ವೇಗವು ಆ ಕ್ಷಣದ ತಡೆಯನ್ನು ಹೆಚ್ಚಿಸಿದ್ದಕ್ಕಿಂತ ಮುಖ್ಯವಾಗಿ ಲೋಹದೊಳಗೆ ಬೇರೆಯದೇ ಒಂದು ರಚನೆಯನ್ನು ಬೆಳೆಸಿತ್ತು. ಒಂದೇ ವಿಕೃತಿಯನ್ನು ಹೊಂದಿದ ಎರಡು ತುಂಡುಗಳು ಒಂದೇ ಲೋಹವಾಗಿ ಉಳಿದಿರಬೇಕಾಗಿಲ್ಲ. ವಿಕೃತಿಯನ್ನು ಸಮವಾಗಿಟ್ಟು ದರವನ್ನು ಮಾತ್ರ ಬದಲಿಸುತ್ತಿದ್ದೇವೆಂದು ನಂಬಿ ಎಳೆದ ಅದೆಷ್ಟೋ ರೇಖೆಗಳು, ವಾಸ್ತವವಾಗಿ ಎರಡನ್ನೂ ಒಟ್ಟಿಗೆ ಬದಲಿಸಿದ್ದವು.

ನಮ್ಮ ನಾಡಿನ ಪಾಲನ್ನೂ ಇಲ್ಲಿ ಸ್ಮರಿಸುವುದು ಉಚಿತ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಲೋಹಶಾಸ್ತ್ರ ವಿಭಾಗದಲ್ಲಿದ್ದ ವೈ. ವಿ. ಆರ್. ಕೆ. ಪ್ರಸಾದ್ ಅವರೂ ಅಮೆರಿಕದ ಅವರ ಸಹೋದ್ಯೋಗಿಗಳೂ ೧೯೮೪ರಲ್ಲಿ, ಕಾಯಿಸಿದ ಲೋಹವನ್ನು ಯಾವ ಉಷ್ಣತೆಯಲ್ಲಿ, ಯಾವ ದರದಲ್ಲಿ ಬಡಿದರೆ ಅದು ಬಿರಿಯದೆ ರೂಪುಗೊಳ್ಳುವುದೆಂಬುದನ್ನು ನಕ್ಷೆಯ ರೂಪದಲ್ಲಿ ತೋರಿಸುವ ವಿಧಾನವನ್ನು ಪ್ರಕಟಿಸಿದರು. ಬೆಂಗಳೂರಿನಲ್ಲಿ ಮುಂದುವರಿದ ಈ ಕೆಲಸದ ಫಲವಾಗಿ ಅನೇಕಾನೇಕ ಲೋಹಗಳ ನಕ್ಷೆಗಳು ಸಂಗ್ರಹರೂಪದಲ್ಲಿ ೧೯೯೭ರಲ್ಲಿ ಹೊರಬಂದವು. ಅದರ ಸೈದ್ಧಾಂತಿಕ ತಳಹದಿಯ ವಿಷಯದಲ್ಲಿ ಟೀಕೆಗಳು ಬಂದಿವೆಯಾದರೂ, ಕುಲುಮೆಯ ಕೆಲಸಕ್ಕೆ ಅದರಿಂದಾದ ಉಪಯೋಗವನ್ನು ಅಲ್ಲಗಳೆಯುವಂತಿಲ್ಲ.

೮

ಈ ಇತಿಹಾಸವನ್ನು ಒಟ್ಟಾಗಿ ನೋಡಿದರೆ ಒಂದು ಕ್ರಮ ಕಂಡುಬರುತ್ತದೆ. ಪ್ರತಿಯೊಂದು ತಲೆಮಾರೂ ತಾನು ಅಳೆದುದು ಲೋಹದ ಬಲವನ್ನೇ ಎಂದು ನಂಬಿತು. ಮುಂದಿನ ತಲೆಮಾರು ಆ ಅಳತೆಯೊಳಗೆ ಪರೀಕ್ಷೆಯ ಪಾಲೊಂದು ಸೇರಿಕೊಂಡಿತ್ತೆಂದು ತೋರಿಸಿತು. ಮೊದಲು ಬೇರ್ಪಟ್ಟುದು ಅಲೆ, ಆಮೇಲೆ ಶಾಖ, ಕಡೆಗೆ ಲೋಹದ ಪೂರ್ವಚರಿತ್ರೆ. ಈ ಜ್ಞಾನದ ಬಹುಭಾಗವು ಸ್ಫೋಟಕಗಳ, ಗುಂಡುಗಳ, ಕವಚಗಳ ನಿಮಿತ್ತವಾಗಿ ಹುಟ್ಟಿದುದೆಂಬುದನ್ನು ಮರೆಮಾಚಬೇಕಾಗಿಲ್ಲ. ಅದೇ ಜ್ಞಾನವು ಇಂದು ಡಿಕ್ಕಿಯಲ್ಲಿ ಪ್ರಯಾಣಿಕರ ಪ್ರಾಣವನ್ನು ಉಳಿಸುವಂತೆ ವಾಹನದ ಚೌಕಟ್ಟನ್ನು ರಚಿಸಲು ನೆರವಾಗುತ್ತಿದೆ. ಅಲ್ಲಿ ಸ್ಥಿರಾಂಕದಲ್ಲಿ ತಪ್ಪಿದರೆ, ಮಡಿಯಬೇಕಾದ ಭಾಗವು ಮಡಿಯದೆ ಹೊಡೆತವನ್ನು ಒಳಗೆ ಕುಳಿತವರಿಗೆ ದಾಟಿಸೀತು.

ಆದುದರಿಂದ ಈ ಸೂತ್ರಗಳನ್ನು ಬಳಸುವ ವಿದ್ಯಾರ್ಥಿಯು ಸ್ಥಿರಾಂಕದೊಡನೆ ಇನ್ನೂ ಮೂರು ಸಂಗತಿಗಳನ್ನು ಬರೆದಿಟ್ಟುಕೊಳ್ಳಬೇಕು: ಅದು ಯಾವ ದರಗಳ ವ್ಯಾಪ್ತಿಯಲ್ಲಿ ದೊರೆಯಿತು, ಯಾವ ಉಷ್ಣತೆಗಳಲ್ಲಿ ದೊರೆಯಿತು, ಮತ್ತು ಪರೀಕ್ಷೆಗೆ ಮುಂಚೆ ಆ ಲೋಹವು ಏನೇನನ್ನು ಅನುಭವಿಸಿತ್ತು. ಕೋಷ್ಟಕದ ಸಂಖ್ಯೆಯು ಸುಳ್ಳಲ್ಲ. ಆದರೆ ಅದು ಒಂದು ಪ್ರಶ್ನೆಗೆ ದೊರೆತ ಉತ್ತರ. ಪ್ರಶ್ನೆಯನ್ನು ಮರೆತು ಉತ್ತರವನ್ನು ಮಾತ್ರ ನೆನಪಿನಲ್ಲಿಡುವುದು ವಿಜ್ಞಾನದ ಮಾರ್ಗವಲ್ಲ.